ರೇಡಿಯೊ ಸ್ಕ್ಯಾನರ್: ಕರಾವಳಿಯ ಮನೆಗೆ ಯಾವ ಸೆಟ್ಟು, ಎಷ್ಟು ಮಾರ್ಪಾಡು

ಬಜ್ಪೆಯಲ್ಲಿ ಇಳಿಯುವ ವಿಮಾನದ ಮಾತು, ಪಣಂಬೂರಿನ ಹೊರಗೆ ಲಂಗರು ಹಾಕಿ ನಿಂತ ಹಡಗಿನ ಗುರುತು, ಬಾಹ್ಯಾಕಾಶ ನಿಲ್ದಾಣದಿಂದ ಬರುವ ಚಿತ್ರ, ಹ್ಯಾಮ್ ಹವ್ಯಾಸಿಗಳ (ಪರವಾನಗಿ ಪಡೆದು ರೇಡಿಯೊದಲ್ಲಿ ಮಾತನಾಡುವವರ) ಸಂಭಾಷಣೆ ಇವನ್ನೆಲ್ಲ ಮನೆಯಲ್ಲೇ ಕುಳಿತು ಹಿಡಿಯುವ ಆಸೆಯುಳ್ಳ ಓದುಗರು ಮಂಗಳೂರು ಮತ್ತು ಉಡುಪಿಯ ಕಡೆಯಿಂದ ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ ಬಗೆಯದು. ವಿದೇಶದಿಂದ ಸಿದ್ಧ ಸ್ಕ್ಯಾನರ್ (ಚಾನೆಲ್‌ಗಳನ್ನು ಒಂದೊಂದಾಗಿ ಸುತ್ತಿ, ಮಾತು ಸಿಕ್ಕಲ್ಲಿ ನಿಲ್ಲುವ ಗ್ರಾಹಕ) ತರಿಸಬೇಕೇ, ಕಂಪ್ಯೂಟರಿಗೆ ಸಿಕ್ಕಿಸುವ ಎಸ್‌ಡಿಆರ್ (ಸಂಕೇತ ಬಿಡಿಸುವ ಕೆಲಸವನ್ನು ಸಾಫ್ಟ್‌ವೇರಿಗೆ ಬಿಡುವ ರೇಡಿಯೊ) ಡಾಂಗಲ್ ಸಾಕೇ, ಅಗ್ಗದ ಚೀನಾ ವಾಕಿಟಾಕಿಯನ್ನೇ ಪ್ರೋಗ್ರಾಮ್ ಮಾಡಿ ಸ್ಕ್ಯಾನರ್‌ನಂತೆ ಬಳಸಬಹುದೇ, ಅಥವಾ ಬಂಧುಗಳು ಗಲ್ಫಿನಿಂದಲೋ ಅಮೆರಿಕದಿಂದಲೋ ತಂದು ಕಪಾಟಿನಲ್ಲಿಟ್ಟ ಹಳೆಯ ಸೆಟ್ಟನ್ನು ಬಿಚ್ಚಿ ಸರಿಪಡಿಸುವುದು ಲಾಭದಾಯಕವೇ? ಈ ನಾಲ್ಕನ್ನೂ ಒಂದೊಂದಾಗಿ ತೂಗುವ ಮೊದಲು ಅಳತೆಗೋಲುಗಳನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಅವು ಸ್ಪಷ್ಟವಾಗದೆ ಸೆಟ್ಟಿನ ಬೆಲೆಯನ್ನಷ್ಟೇ ನೋಡಿ ಕೊಂಡವರ ಹಣವೇ ಹೆಚ್ಚಾಗಿ ಪೋಲಾಗುತ್ತದೆ.

ಮೊದಲು ನೋಡಬೇಕಾದದ್ದು

ಮೊದಲನೆಯ ಅಳತೆಗೋಲು, ಏನನ್ನು ಕೇಳಬೇಕು ಎಂಬುದು. ವಿಮಾನಗಳ ಮಾತು 118ರಿಂದ 137 ಮೆಗಾಹರ್ಟ್ಸ್ ನಡುವೆ ಎಎಂ ವಿಧಾನದಲ್ಲಿ ನಡೆಯುತ್ತದೆ. ಹಡಗು ಮತ್ತು ಬೋಟುಗಳ ವಿಎಚ್‌ಎಫ್ (30ರಿಂದ 300 ಮೆಗಾಹರ್ಟ್ಸ್ ನಡುವಿನ) ಮಾತು 156ರಿಂದ 162 ಮೆಗಾಹರ್ಟ್ಸ್ ನಡುವೆ ಎಫ್‌ಎಂನಲ್ಲಿ ನಡೆಯುತ್ತದೆ. ಇದರಲ್ಲಿ ಅಪಾಯದ ಕರೆಗೂ ಮೊದಲ ಸಂಪರ್ಕಕ್ಕೂ ಮೀಸಲಾದ 16ನೆಯ ಚಾನೆಲ್ 156.800ರಲ್ಲಿದೆ. ನಮ್ಮ ದೇಶದ ಹ್ಯಾಮ್‌ಗಳ ಎರಡು ಮೀಟರ್ ಪಟ್ಟಿ (ಬ್ಯಾಂಡ್, ಅಂದರೆ ಕಂಪನಾಂಕಗಳ ಸಾಲು) 144ರಿಂದ 146ರವರೆಗಿದೆ. ಹಡಗುಗಳು ತಮ್ಮ ಸ್ಥಾನವನ್ನು ತಾವೇ ಸಾರುವ ಎಐಎಸ್ ಸಂಕೇತ 161.975 ಮತ್ತು 162.025ರಲ್ಲಿಯೂ, ವಿಮಾನಗಳು ಅದೇ ಕೆಲಸ ಮಾಡುವ ಎಡಿಎಸ್-ಬಿ ಸಂಕೇತ 1090ರಲ್ಲಿಯೂ ಸಿಗುತ್ತವೆ. ಅರಬ್ಬೀ ಸಮುದ್ರದ ನಡುವೆ ಹಾರುವ ವಿಮಾನಗಳು ದಡದ ವಿಎಚ್‌ಎಫ್‌ಗೆ ಎಟುಕದಷ್ಟು ದೂರ ಹೋದ ಮೇಲೆ ಬಳಸುವ ಶಾರ್ಟ್‌ವೇವ್ ಮಾತು ಎಸ್‌ಎಸ್‌ಬಿ ಎಂಬ ಮೂರನೆಯ ವಿಧಾನದ್ದು. ಇವುಗಳಲ್ಲಿ ನಿಮಗೆ ಬೇಕಾದದ್ದು ಯಾವುದು ಎಂದು ಗುರುತು ಹಾಕಿಕೊಂಡರೆ ಅರ್ಧ ಆಯ್ಕೆ ಅಲ್ಲಿಗೇ ಮುಗಿಯುತ್ತದೆ, ಏಕೆಂದರೆ ಇಷ್ಟನ್ನೂ ಸಮನಾಗಿ ಹಿಡಿಯುವ ಒಂದೇ ಪೆಟ್ಟಿಗೆ ಸಾಮಾನ್ಯ ಬೆಲೆಗೆ ಸಿಗುವುದಿಲ್ಲ.

ಎರಡನೆಯದು ಕಾನೂನು. 1933ರ ನಿಸ್ತಂತು ತಂತಿ ಕಾಯಿದೆಯ ವ್ಯಾಖ್ಯಾನದಲ್ಲಿ ಕಳುಹಿಸುವುದಷ್ಟೇ ಅಲ್ಲ, ಗ್ರಹಿಸುವುದೂ ಸೇರಿತ್ತು. ಅದರ ಜಾಗಕ್ಕೆ ಬರುತ್ತಿರುವ 2023ರ ದೂರಸಂಪರ್ಕ ಕಾಯಿದೆಯೂ ರೇಡಿಯೊ ಉಪಕರಣವನ್ನು ಇಟ್ಟುಕೊಳ್ಳುವುದಕ್ಕೆ ಅನುಮತಿಯ ಮಾತನ್ನು ಎತ್ತುತ್ತದೆ. ಪ್ರಸಾರ ಮಾಡಬಲ್ಲ ಸೆಟ್ಟಿನ ವಿಷಯದಲ್ಲಂತೂ ಅನುಮಾನಕ್ಕೆ ಎಡೆಯೇ ಇಲ್ಲ: ಮುಂದೆ ಹೇಳುವ ಕಡಿಮೆ ಶಕ್ತಿಯ ವಿನಾಯಿತಿಯ ಸೆಟ್ಟುಗಳನ್ನು ಬಿಟ್ಟರೆ, ಪರವಾನಗಿಯಿಲ್ಲದೆ ಅದನ್ನು ಮನೆಯಲ್ಲಿಟ್ಟುಕೊಳ್ಳುವುದು ತಪ್ಪು. ಪೊಲೀಸ್, ಸೇನೆ, ತಟರಕ್ಷಣಾ ಪಡೆಗಳ ಮಾತನ್ನು ಹುಡುಕಿ ಹೋಗುವುದು, ಯಾರದೇ ಖಾಸಗಿ ಮಾತನ್ನು ಧ್ವನಿಮುದ್ರಿಸಿ ಹಂಚುವುದು ಈ ಹವ್ಯಾಸದ ಭಾಗವಲ್ಲ, ಆದುದರಿಂದ ಅದಕ್ಕೆ ಬೇಕಾದ ಸೆಟ್ಟುಗಳ ಚರ್ಚೆಯೂ ಇಲ್ಲಿಲ್ಲ. ಪಣಂಬೂರಿನಲ್ಲಿ ತಟರಕ್ಷಣಾ ಪಡೆಯ ಜಿಲ್ಲಾ ಕೇಂದ್ರವೇ ಇರುವ ನಮ್ಮ ಊರಿನಲ್ಲಿ, ಕಡಲ ದಂಡೆಯ ಮೇಲೆ ಉದ್ದ ಆಂಟೆನಾ ಹಿಡಿದು ನಿಂತವರನ್ನು ಯಾರಾದರೂ ಪ್ರಶ್ನಿಸಿದರೆ ಅದು ಸಹಜವೇ ಸರಿ.

ಮೂರನೆಯದು ಸ್ಥಳ, ಮತ್ತು ಇದನ್ನೇ ಹೆಚ್ಚಿನವರು ಮರೆಯುತ್ತಾರೆ. ವಿಎಚ್‌ಎಫ್ ತರಂಗಗಳು ಸಾಮಾನ್ಯವಾಗಿ ದಿಗಂತವನ್ನು ಸ್ವಲ್ಪವೇ ದಾಟಿ ಹೋಗುತ್ತವೆ. ಎರಡೂ ತುದಿಯ ಆಂಟೆನಾಗಳ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಒಂದೊಂದರ ವರ್ಗಮೂಲವನ್ನು ಕಂಡುಕೊಂಡು ಕೂಡಿಸಿ, ಬಂದದ್ದನ್ನು 4.12ರಿಂದ ಗುಣಿಸಿದರೆ ಸಿಗುವ ದೂರ ಕಿಲೋಮೀಟರಿನಲ್ಲಿರುತ್ತದೆ. ಮಲ್ಪೆಯ ಒಂದು ಮನೆಯ ತಾರಸಿಯಲ್ಲಿ ಸಮುದ್ರಮಟ್ಟದಿಂದ 10 ಮೀಟರ್ ಎತ್ತರಕ್ಕೆ ಆಂಟೆನಾ ಕಟ್ಟಿದರೆ, 4 ಮೀಟರ್ ಎತ್ತರದ ಆಂಟೆನಾ ಇರುವ ಮೀನುಗಾರಿಕೆಯ ಬೋಟು ಸುಮಾರು 21 ಕಿಲೋಮೀಟರಿನವರೆಗೆ ಕೇಳಬೇಕು. ಅದೇ ಆಂಟೆನಾ ಮಣಿಪಾಲದ ಕಡೆಯ ಎತ್ತರದ ಜಾಗದಲ್ಲಿ, ಸಮುದ್ರಮಟ್ಟದಿಂದ 80 ಮೀಟರಿನಷ್ಟು ಮೇಲಿದ್ದರೆ ಆ ದೂರ 45 ಕಿಲೋಮೀಟರಿಗೆ ಏರುತ್ತದೆ. ಹತ್ತು ಸಾವಿರ ಮೀಟರ್ ಎತ್ತರದಲ್ಲಿ ಹಾರುವ ವಿಮಾನಕ್ಕೆ ಲೆಕ್ಕ ಹಾಕಿದರೆ 420 ಕಿಲೋಮೀಟರ್ ದಾಟುತ್ತದೆ, ಅದೂ ಪಡುವಣ ಕಡೆ ಏನೂ ಅಡ್ಡವಿಲ್ಲದ ಸಮುದ್ರ. ಮೂಡಣ ಕಡೆ ಮಾತ್ರ ಘಟ್ಟದ ಸಾಲು ಕೆಳಮಟ್ಟದ ವಿಮಾನಗಳನ್ನು ಮರೆಮಾಡುತ್ತದೆ.

ಈ ಲೆಕ್ಕದಿಂದ ಇನ್ನೊಂದು ಸಂಗತಿಯೂ ಹೊರಡುತ್ತದೆ. ಮಂಗಳೂರು ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 100 ಮೀಟರ್ ಎತ್ತರದ ಗುಡ್ಡದ ಮೇಲಿದೆ. ಹಾಗಾಗಿ ಮಂಗಳೂರು ನಗರದಲ್ಲಿರುವವರಿಗೆ ನಿಯಂತ್ರಣ ಗೋಪುರದ ಮಾತೂ ವಿಮಾನದ ಮಾತೂ ಎರಡೂ ಸಿಗುವ ಸಂಭವ ಹೆಚ್ಚು. ಉಡುಪಿಯಲ್ಲಿರುವವರು ಮಿತಿಯ ಅಂಚಿನಲ್ಲಿರುವುದರಿಂದ ಪೈಲಟ್ ಹೇಳಿದ್ದು ಸ್ಪಷ್ಟವಾಗಿ ಕೇಳಿ, ಗೋಪುರದ ಉತ್ತರ ಕೇಳದೆ ಹೋಗಬಹುದು. ಇದು ಸೆಟ್ಟಿನ ದೋಷವಲ್ಲ, ಇನ್ನೂ ದುಬಾರಿಯಾದ ಸೆಟ್ಟು ತಂದರೂ ಸರಿಹೋಗುವುದಿಲ್ಲ.

ಉಳಿದವು ಹಣ ಮತ್ತು ತಾಳ್ಮೆ. ಹಣದ ಲೆಕ್ಕದಲ್ಲಿ ಆಂಟೆನಾ, ಕೇಬಲ್, ಕನೆಕ್ಟರ್‌ಗಳ ಖರ್ಚನ್ನು ಮೊದಲೇ ಸೇರಿಸಿಕೊಳ್ಳಬೇಕು. ತಾಳ್ಮೆಯ ಲೆಕ್ಕದಲ್ಲಿ, ಕಂಪ್ಯೂಟರಿನಲ್ಲಿ ಡ್ರೈವರ್ ಹಾಕಿಕೊಳ್ಳುವುದಕ್ಕೂ ಬೆಸುಗೆ ಹಾಕುವುದಕ್ಕೂ ನೀವು ಎಷ್ಟರಮಟ್ಟಿಗೆ ಸಿದ್ಧರಿದ್ದೀರಿ ಎಂಬುದನ್ನು ನಿಮ್ಮಷ್ಟಕ್ಕೆ ನೀವೇ ಕೇಳಿಕೊಳ್ಳಬೇಕು.

ಎಸ್‌ಡಿಆರ್ ಡಾಂಗಲ್

ಟಿವಿ ನೋಡಲೆಂದು ತಯಾರಾದ ಯುಎಸ್‌ಬಿ ಡಾಂಗಲ್‌ಗಳಲ್ಲಿರುವ ರಿಯಲ್‌ಟೆಕ್ ಆರ್‌ಟಿಎಲ್2832ಯು ಚಿಪ್ಪಿನಿಂದ ಕಚ್ಚಾ ಮಾಹಿತಿಯನ್ನು ನೇರವಾಗಿ ಕಂಪ್ಯೂಟರಿಗೆ ಎಳೆದುಕೊಳ್ಳಬಹುದೆಂಬುದು 2012ರ ಹೊತ್ತಿಗೆ ಹವ್ಯಾಸಿಗಳಲ್ಲಿ ಹರಡಿದ ಮೇಲೆ ಈ ಕ್ಷೇತ್ರದ ಅರ್ಥಶಾಸ್ತ್ರವೇ ಬದಲಾಯಿತು. ಆರ್820ಟಿ2 ಟ್ಯೂನರ್ ಇರುವ ಸಾಮಾನ್ಯ ಡಾಂಗಲ್ 24ರಿಂದ ಸುಮಾರು 1,766 ಮೆಗಾಹರ್ಟ್ಸ್‌ವರೆಗೆ ಹಿಡಿಯುತ್ತದೆ. ಎಎಂ, ಎಫ್‌ಎಂ, ಎಸ್‌ಎಸ್‌ಬಿ ಎಂಬ ಭೇದವೆಲ್ಲ ಇಲ್ಲಿ ಸಾಫ್ಟ್‌ವೇರಿನ ಕೆಲಸ. ಮೇಲೆ ಹೇಳಿದ ಎಐಎಸ್, ಎಡಿಎಸ್-ಬಿಗಳನ್ನು ಓದುವುದೂ ಸಾಫ್ಟ್‌ವೇರಿನ ಕೆಲಸವೇ. ಸುಮಾರು 2.4 ಮೆಗಾಹರ್ಟ್ಸ್ ಅಗಲದ ಪಟ್ಟಿಯನ್ನು ಒಟ್ಟಿಗೆ ಪರದೆಯ ಮೇಲೆ ನೋಡಬಹುದಾದ್ದರಿಂದ, ಯಾವ ಕಂಪನಾಂಕದಲ್ಲಿ ಮಾತು ನಡೆಯುತ್ತಿದೆ ಎಂದು ಹುಡುಕುವ ಕಾಲದಲ್ಲಿ ಇದಕ್ಕೆ ಸಾಟಿಯಿಲ್ಲ. ಕೈಸೆಟ್ಟು ಒಂದೊಂದೇ ಚಾನೆಲನ್ನು ಇಣುಕಿ ಮುಂದೆ ಹೋಗುತ್ತದೆ; ಡಾಂಗಲ್ ಇಡೀ ಬೀದಿಯನ್ನೇ ಒಮ್ಮೆಲೇ ತೋರಿಸುತ್ತದೆ. ಆರ್‌ಟಿಎಲ್‌ಎಸ್‌ಡಿಆರ್-ಏರ್‌ಬ್ಯಾಂಡ್ ಎಂಬ ಉಚಿತ ತಂತ್ರಾಂಶವಂತೂ ಆ ಅಗಲದೊಳಗಿನ ಹಲವು ವಿಮಾನ ಚಾನೆಲ್‌ಗಳನ್ನು ಏಕಕಾಲದಲ್ಲಿ ಕೇಳಿಸುತ್ತದೆ.

ಇದರ ಕೊರತೆಗಳನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಇದು 8 ಬಿಟ್‌ನ ಗ್ರಾಹಕ, ಅಂದರೆ ಸಂಕೇತದ ಬಲಾಬಲವನ್ನು ಅಳೆಯುವ ಮೆಟ್ಟಿಲುಗಳು ಕಡಿಮೆ. ಬಲವಾದ ಸಂಕೇತ ಹತ್ತಿರದಲ್ಲಿದ್ದರೆ ದುರ್ಬಲ ಸಂಕೇತ ಅದರಲ್ಲಿ ಮುಳುಗಿಹೋಗುತ್ತದೆ. ಮಂಗಳೂರಿನಲ್ಲಿ ಕದ್ರಿ ಗುಡ್ಡದ ಆಕಾಶವಾಣಿಯ ಎಫ್‌ಎಂ 100.3ರಲ್ಲಿದೆ, ಖಾಸಗಿ ಎಫ್‌ಎಂ ಕೇಂದ್ರಗಳು 92.7, 93.5, 98.3ರಲ್ಲಿವೆ, ಸಂತ ಅಲೋಶಿಯಸ್‌ನ ಸಮುದಾಯ ಬಾನುಲಿ ರೇಡಿಯೊ ಸಾರಂಗ್ 107.8ರಲ್ಲಿದೆ. ನಗರದ ನಡುವೆ ಇಷ್ಟನ್ನು ಪಕ್ಕದಲ್ಲಿಟ್ಟುಕೊಂಡು 118ರ ಮೇಲಿನ ವಿಮಾನದ ಮಾತನ್ನು ಹಿಡಿಯಹೊರಡುವುದು, ಚೆಂಡೆಯ ಪಕ್ಕದಲ್ಲಿ ಕುಳಿತು ಪಿಸುಮಾತು ಕೇಳಿಸಿಕೊಂಡಂತೆ. 88ರಿಂದ 108ರವರೆಗಿನ ಪಟ್ಟಿಯನ್ನು ತಡೆಯುವ ಎಫ್‌ಎಂ ನಾಚ್ ಫಿಲ್ಟರನ್ನು ಆಂಟೆನಾ ಮತ್ತು ಡಾಂಗಲ್ ನಡುವೆ ಸಿಕ್ಕಿಸಿದರೆ ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ಕದ್ರಿ, ಬಿಜೈ, ಬಲ್ಮಠದಂಥ ಪ್ರದೇಶಗಳಲ್ಲಿರುವವರು ಈ ಫಿಲ್ಟರನ್ನು ಐಚ್ಛಿಕವೆಂದು ಎಣಿಸದೆ ಡಾಂಗಲ್ಲಿನ ಜೊತೆಗೇ ಕೊಳ್ಳುವುದು ಒಳಿತು. ಮಣಿಪಾಲದವರಿಗೆ 90.4ರ ರೇಡಿಯೊ ಮಣಿಪಾಲ್ ಇದ್ದರೂ ಸಾಮಾನ್ಯವಾಗಿ ಮೊದಲು ಫಿಲ್ಟರ್ ಇಲ್ಲದೆ ನೋಡಬಹುದು.

ಡಾಂಗಲ್‌ಗಳಲ್ಲೂ ತರತಮವಿದೆ. ಪ್ಲಾಸ್ಟಿಕ್ ಕವಚದ ಅಗ್ಗದ ನೀಲಿ ಡಾಂಗಲ್ ಬಿಸಿಯಾದಂತೆ ಕಂಪನಾಂಕದಿಂದ ಜಾರುತ್ತದೆ. ಆರ್‌ಟಿಎಲ್-ಎಸ್‌ಡಿಆರ್ ಬ್ಲಾಗ್‌ನವರ ವಿ3, ವಿ4 ಮಾದರಿಗಳಲ್ಲಿ ಸ್ಥಿರವಾದ ಆಂದೋಲಕ, ಲೋಹದ ಕವಚ, ಎಸ್‌ಎಂಎ ಕನೆಕ್ಟರ್ ಇವೆ. ಆಂಟೆನಾದ ಬಳಿಯ ಆಂಪ್ಲಿಫೈಯರಿಗೆ ಕೇಬಲ್ ಮೂಲಕವೇ ವಿದ್ಯುತ್ ಕೊಡುವ ಸೌಲಭ್ಯವೂ ಇದೆ. ವಿ4ರಲ್ಲಿ ಶಾರ್ಟ್‌ವೇವ್‌ಗಾಗಿ ಒಳಗೇ ಅಪ್‌ಕನ್ವರ್ಟರ್ (ಕೆಳಗಿನ ಕಂಪನಾಂಕವನ್ನು ಮೇಲಕ್ಕೇರಿಸುವ ಭಾಗ) ಇದೆ, ಆದರೆ ಅದಕ್ಕೆ ಪ್ರತ್ಯೇಕ ಡ್ರೈವರ್ ಬೇಕು. ಬೆಲೆಗಳು ಏರಿಳಿಯುತ್ತಿರುತ್ತವೆ, ಅಂದಾಜಿಗೆ ಹೇಳುವುದಾದರೆ ಇಲ್ಲಿ ಮೂರರಿಂದ ಐದು ಸಾವಿರ ರೂಪಾಯಿ. ನೀಲಿ ಡಾಂಗಲ್ಲಿನಲ್ಲಿ ಉಳಿಯುವ ಸಾವಿರ, ಸಾವಿರದೈನೂರಕ್ಕಾಗಿ ಅದನ್ನು ಕೊಳ್ಳಬೇಡಿರೆಂದೇ ನನ್ನ ಸಲಹೆ. ನಕಲಿಗಳೂ ಇರುವುದರಿಂದ ಮಾರುವವರು ಯಾರೆಂಬುದನ್ನು ನೋಡಿಕೊಳ್ಳಿ.

ಶಾರ್ಟ್‌ವೇವ್ ನಿಮ್ಮ ಮುಖ್ಯ ಆಸಕ್ತಿಯಾಗಿದ್ದರೆ, ಅಂದರೆ 6676 ಅಥವಾ 11387 ಕಿಲೋಹರ್ಟ್ಸ್‌ನಲ್ಲಿ ಮುಂಬೈ ವಿಮಾನಗಳಿಗಾಗಿ ಓದುವ ಹವಾಮಾನ ವರದಿ, ಅರಬ್ಬೀ ಸಮುದ್ರದ ಮೇಲಿನ ವಿಮಾನಗಳ ಸ್ಥಾನ ವರದಿ ಇಂಥವು ಬೇಕಾಗಿದ್ದರೆ, 14 ಬಿಟ್‌ನ ಎಸ್‌ಡಿಆರ್‌ಪ್ಲೇ ಆರ್‌ಎಸ್‌ಪಿ1ಬಿ ಮಾದರಿಗೆ ಹೋಗುವುದಕ್ಕೆ ಅರ್ಥವಿದೆ. ಅದು 1 ಕಿಲೋಹರ್ಟ್ಸ್‌ನಿಂದ 2 ಗಿಗಾಹರ್ಟ್ಸ್‌ವರೆಗೆ ಹಿಡಿಯುತ್ತದೆ, 10 ಮೆಗಾಹರ್ಟ್ಸ್‌ವರೆಗಿನ ಅಗಲವನ್ನು ಒಟ್ಟಿಗೆ ತೋರಿಸುತ್ತದೆ. ಆದರೆ ಡಾಂಗಲ್ಲಿನ ಮೂರು ನಾಲ್ಕು ಪಟ್ಟು ಬೆಲೆ. ಬರಿಯ ವಿಮಾನ ಮತ್ತು ಹಡಗಿನ ವಿಎಚ್‌ಎಫ್‌ಗಾಗಿ ಅಷ್ಟು ಖರ್ಚು ಮಾಡುವುದಕ್ಕಿಂತ ಆ ಹಣದಲ್ಲಿ ಆಂಟೆನಾವನ್ನು ಮೇಲಕ್ಕೇರಿಸುವುದು ಮೇಲು.

ಹವಾಮಾನ ಉಪಗ್ರಹಗಳ ಚಿತ್ರಕ್ಕಾಗಿ ಡಾಂಗಲ್ ಕೊಳ್ಳಹೊರಟವರು ಒಂದನ್ನು ಗಮನಿಸಬೇಕು. ಹಳೆಯ ಮಾರ್ಗದರ್ಶಿಗಳೆಲ್ಲ ಹೇಳುವ ನೋವಾ 15, 18, 19 ಉಪಗ್ರಹಗಳ ಸೇವೆ 2025ರಲ್ಲಿ ಕೊನೆಗೊಂಡಿತು. ಈಗ 137 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಹುಡುಕಬೇಕಾದದ್ದು ರಷ್ಯಾದ ಮೆಟಿಯೋರ್-ಎಂ ಎನ್2-3 ಮತ್ತು ಎನ್2-4. ಇವುಗಳದು ಡಿಜಿಟಲ್ ಸಂಕೇತವಾದ್ದರಿಂದ ಕೈಸ್ಕ್ಯಾನರಿನ ಇಯರ್‌ಫೋನ್ ತೂತಿನಿಂದ ಧ್ವನಿ ತೆಗೆದು ಚಿತ್ರ ಮಾಡುವ ಹಳೆಯ ದಾರಿ ನಡೆಯುವುದಿಲ್ಲ. ಡಾಂಗಲ್ ಮತ್ತು ಸ್ಯಾಟ್‌ಡಂಪ್ ತಂತ್ರಾಂಶವೇ ಬೇಕು.

ಸಿದ್ಧ ಕೈಸ್ಕ್ಯಾನರ್

ಯುನಿಡೆನ್ ಬಿಸಿ125ಎಟಿ ಈ ವರ್ಗದ ಪ್ರತಿನಿಧಿ. 500 ಚಾನೆಲ್‌ಗಳು, ಐವತ್ತೈವತ್ತರ ಹತ್ತು ಬ್ಯಾಂಕುಗಳು (ಚಾನೆಲ್ ಗುಂಪುಗಳು), ಎರಡು ಎಎ ಬ್ಯಾಟರಿ, ಕಂಪ್ಯೂಟರಿನಿಂದ ಪ್ರೋಗ್ರಾಮ್ ಮಾಡಲು ಯುಎಸ್‌ಬಿ. ವಿಮಾನದ ಪಟ್ಟಿ, ಹ್ಯಾಮ್‌ನ ಎರಡು ಮೀಟರ್, ಹಡಗಿನ ವಿಎಚ್‌ಎಫ್ ಮೂರೂ ಇದರ ವ್ಯಾಪ್ತಿಯಲ್ಲಿವೆ, ಎಎಂ ಮತ್ತು ಎಫ್‌ಎಂ ಎರಡೂ ಇವೆ. ಪ್ರಸಾರ ಮಾಡುವ ಶಕ್ತಿಯೇ ಇಲ್ಲದಿರುವುದು ನಮ್ಮಲ್ಲಿ ಕೊರತೆಯಲ್ಲ, ಗುಣ. ಮಳೆಗಾಲದಲ್ಲಿ ಕರೆಂಟು ಹೋದ ರಾತ್ರಿಯಲ್ಲೂ ನಡೆಯುತ್ತದೆ. ಕಂಪ್ಯೂಟರ್ ತೆರೆಯದೆ ಗುಂಡಿಯೊತ್ತಿದರೆ ಮಾತು ಬರುತ್ತದೆ. ವಯಸ್ಸಾದವರಿಗೆ, ಕಂಪ್ಯೂಟರಿನ ಗೋಜು ಬೇಡವೆನ್ನುವವರಿಗೆ, ಪಣಂಬೂರು ಅಥವಾ ಕಾಪುವಿನ ದೀಪಸ್ತಂಭದ ಬಳಿ ಸಂಜೆ ಕುಳಿತು ಕೇಳಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಸೂಚಿಸಲಾರೆ.

ಅಡ್ಡಿಯೆಂದರೆ ಬೆಲೆ ಮತ್ತು ದೊರೆಯುವಿಕೆ. ಅಮೆರಿಕದಲ್ಲಿ ನೂರು ಡಾಲರಿನ ಮೇಲೆ ಇರುವ ಈ ಸೆಟ್ಟು ಸಾಗಣೆ, ಸುಂಕ ಸೇರಿ ಇಲ್ಲಿಗೆ ತಲುಪುವಾಗ ಡಾಂಗಲ್ಲಿನ ಹಲವು ಪಟ್ಟಾಗುತ್ತದೆ. ರೇಡಿಯೊ ಉಪಕರಣವೆಂದು ಸುಂಕದವರು ತಡೆದು ಕಾಗದ ಕೇಳುವ ಸಾಧ್ಯತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎಸ್‌ಎಸ್‌ಬಿ ಇಲ್ಲ, ಶಾರ್ಟ್‌ವೇವ್ ಇಲ್ಲ, ಎಐಎಸ್ ಓದುವುದಿಲ್ಲ.

ಇದಕ್ಕೂ ಮೇಲಿನ ಡಿಜಿಟಲ್ ಸ್ಕ್ಯಾನರ್‌ಗಳ ಬಗ್ಗೆ ವಿಚಾರಿಸುವವರಿಗೆ ಉತ್ತರ ಚಿಕ್ಕದು. ಯುನಿಡೆನ್ ಎಸ್‌ಡಿಎಸ್100ರಂಥ ಸೆಟ್ಟುಗಳು ಅಮೆರಿಕದ ಪೊಲೀಸ್, ಅಗ್ನಿಶಾಮಕದಂಥವರ ಪಿ25 ಡಿಜಿಟಲ್ ಜಾಲಗಳಿಗಾಗಿ, ಅಲ್ಲಿನ ಊರೂರಿನ ಕಂಪನಾಂಕಗಳ ದತ್ತಾಂಶವನ್ನು ನೆಚ್ಚಿಕೊಂಡು ತಯಾರಾದವು. ಆ ದತ್ತಾಂಶ ಉಡುಪಿಯಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಗೂಢಲಿಪಿಯ ಮಾತನ್ನು ಯಾವ ಸ್ಕ್ಯಾನರೂ ಬಿಡಿಸುವುದಿಲ್ಲ, ಬಿಡಿಸುವ ಪ್ರಯತ್ನವೂ ಸಲ್ಲದು. ಆ ಹಣ ಉಳಿಸಿಕೊಳ್ಳಿ.

ಚೀನಾ ವಾಕಿಟಾಕಿ

ಬಾವ್‌ಫೆಂಗ್ ಯುವಿ-5ಆರ್ ಬೆಲೆಯಲ್ಲಿ ಎಲ್ಲರನ್ನೂ ಸೆಳೆಯುತ್ತದೆ. ಆದರೆ ಸ್ಕ್ಯಾನರ್ ಎಂಬ ದೃಷ್ಟಿಯಿಂದ ಅದು ಮಂದ: 128 ಚಾನೆಲ್‌ಗಳನ್ನು ನಿಧಾನವಾಗಿ ಸುತ್ತುತ್ತದೆ, ಚಿಕ್ಕ ಮಾತು ಮುಗಿದ ಮೇಲೆ ಬಂದು ನಿಲ್ಲುತ್ತದೆ. 136ರ ಕೆಳಗೆ ಎಎಂ ಇಲ್ಲವಾದ್ದರಿಂದ ವಿಮಾನದ ಮಾತು ಸಿಗುವುದಿಲ್ಲ. ಕ್ವಾನ್‌ಶೆಂಗ್ ಯುವಿ-ಕೆ5 ಇದಕ್ಕಿಂತ ಕುತೂಹಲಕಾರಿ. 200 ಚಾನೆಲ್, ಎಎಂನಲ್ಲಿ ವಿಮಾನದ ಪಟ್ಟಿ, ಮತ್ತು ಹವ್ಯಾಸಿಗಳು ಬರೆದ ಬದಲಿ ಫರ್ಮ್‌ವೇರ್ (ಸೆಟ್ಟಿನೊಳಗಿನ ತಂತ್ರಾಂಶ) ಹಾಕಿದರೆ ಇನ್ನೂ ವಿಶಾಲವಾದ ವ್ಯಾಪ್ತಿ ಹಾಗೂ ಪರದೆಯ ಮೇಲೆ ಪಟ್ಟಿಯ ನಕ್ಷೆ. ಪಿಟಿಟಿ (ಮಾತು ಕಳುಹಿಸಲು ಒತ್ತುವ) ಗುಂಡಿಯನ್ನು ಒತ್ತಿಹಿಡಿದು ಸೆಟ್ಟನ್ನು ಆನ್ ಮಾಡಿ, ಪ್ರೋಗ್ರಾಮಿಂಗ್ ಕೇಬಲ್ ಮೂಲಕ ಹೊಸ ಫರ್ಮ್‌ವೇರ್ ತುಂಬುವುದು ಕೆಲವೇ ನಿಮಿಷಗಳ ಕೆಲಸ. ಅದಕ್ಕೂ ಮೊದಲು ಕಾರ್ಖಾನೆಯ ಹೊಂದಾಣಿಕೆಯ ಅಂಕಿಗಳನ್ನು ಕಂಪ್ಯೂಟರಿಗೆ ಇಳಿಸಿಟ್ಟುಕೊಳ್ಳಬೇಕು, ಅವು ಅಳಿಸಿಹೋದರೆ ಮತ್ತೆ ಸಿಗುವುದಿಲ್ಲ. ಒಳಗಿರುವ ಚಿಪ್ಪು ಎಎಂಗಾಗಿ ಮಾಡಿದ್ದಲ್ಲವಾದ್ದರಿಂದ ಹತ್ತಿರದ ವಿಮಾನದ ಬಲವಾದ ಧ್ವನಿ ಒಡೆದು ಕೇಳುತ್ತದೆ. ಬದಲಿ ಫರ್ಮ್‌ವೇರುಗಳು ಇದನ್ನು ಸ್ವಲ್ಪಮಟ್ಟಿಗೆ ತಿದ್ದುತ್ತವೆ.

ಮನೆಯಲ್ಲಿ ಮಾರ್ಪಾಡು ಮಾಡುವ ಉತ್ಸಾಹ ಉಳ್ಳವರಿಗೆ ಇಷ್ಟೆಲ್ಲ ಆಕರ್ಷಣೆಯಿರುವ ಈ ಸೆಟ್ಟನ್ನು ನಾನು ಎಲ್ಲರಿಗೂ ಸೂಚಿಸದಿರುವುದಕ್ಕೆ ಕಾರಣ ಅದರ ಪಿಟಿಟಿ ಗುಂಡಿ. ಅದು ಪ್ರಸಾರಕ. ಫರ್ಮ್‌ವೇರಿನ ಬೀಗ ತೆಗೆದ ಸೆಟ್ಟು ಮಗುವಿನ ಕೈಗೆ ಸಿಕ್ಕಿ ತಪ್ಪು ಪಟ್ಟಿಯಲ್ಲಿ ಒತ್ತಿಹೋದರೆ ಅದರ ಪರಿಣಾಮ ಆಟವಲ್ಲ. ಪರವಾನಗಿಯ ವಿವರವಿಲ್ಲದೆ ವಾಕಿಟಾಕಿಗಳನ್ನು ಮಾರುತ್ತಿದ್ದ ಆನ್‌ಲೈನ್ ಮಳಿಗೆಗಳಿಗೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2025ರಲ್ಲಿ ನೋಟಿಸು ಕೊಟ್ಟು ಮಾರ್ಗಸೂಚಿಯನ್ನೂ ಹೊರಡಿಸಿತು, ಆದುದರಿಂದ ಅಂಗಡಿಯಲ್ಲಿ ಸಿಗುತ್ತದೆ ಎಂಬುದೇ ಸಮ್ಮತಿಯಲ್ಲ. 446 ಮೆಗಾಹರ್ಟ್ಸ್ ಬಳಿಯ ಕಡಿಮೆ ಶಕ್ತಿಯ ಪರವಾನಗಿ ವಿನಾಯಿತಿಯ ಸೆಟ್ಟುಗಳು ಬೇರೆ. ಯುವಿ-5ಆರ್ ಆ ವರ್ಗಕ್ಕೆ ಸೇರುವುದಿಲ್ಲ.

ಹ್ಯಾಮ್ ಪರವಾನಗಿ ಇರುವವರಿಗೆ, ಅಥವಾ ಪಡೆಯುವ ಮನಸ್ಸಿರುವವರಿಗೆ ಚಿತ್ರ ಪೂರ್ತಿ ಬದಲಾಗುತ್ತದೆ. ಹನ್ನೆರಡು ವರ್ಷ ತುಂಬಿದವರು ದೂರಸಂಪರ್ಕ ಇಲಾಖೆಯ ಸರಳ ಸಂಚಾರ್ ಜಾಲತಾಣದಲ್ಲಿ ಅರ್ಜಿ ಹಾಕಿ ಪರೀಕ್ಷೆ ಬರೆಯಬಹುದು. ನಿರ್ಬಂಧಿತ ದರ್ಜೆಗೆ ಮೋರ್ಸ್ ಸಂಕೇತ ಬೇಕಿಲ್ಲ. ಪರವಾನಗಿ ಬಂದ ಮೇಲೆ ಕೇಳುವುದಕ್ಕಷ್ಟೇ ಅಲ್ಲ, ಮಾತನಾಡುವುದಕ್ಕೂ ಅದೇ ಸೆಟ್ಟು ಒದಗುತ್ತದೆ, ಆದರೆ ಅಮೆಚೂರ್ ಪಟ್ಟಿಗಳಲ್ಲಿ ಮಾತ್ರ. ಓದುವ ವಯಸ್ಸಿನ ಮಕ್ಕಳಿರುವ ಮನೆಯವರು ಡಾಂಗಲ್ಲಿನಿಂದ ಆರಂಭಿಸಿ, ಪರೀಕ್ಷೆಯ ಬಳಿಕ ಕೈಸೆಟ್ಟಿಗೆ ಹೋಗುವುದು ಹೆಚ್ಚು ಸರಿಯಾದ ಕ್ರಮ.

ಹಳೆಯ ಸೆಟ್ಟನ್ನು ಬಿಚ್ಚಬೇಕೇ?

ಸ್ಕ್ಯಾನರ್ ಮಾರ್ಪಾಡು ಎಂದು ಹುಡುಕಿದವರಿಗೆ ಮೊದಲು ಸಿಗುವುದು ಅಮೆರಿಕದ ಹಳೆಯ ಸೆಟ್ಟುಗಳ ಕತೆ. ಅಲ್ಲಿ ಮೊದಲ ಪೀಳಿಗೆಯ ಮೊಬೈಲ್ ಫೋನುಗಳು ಅನಲಾಗ್ ಎಫ್‌ಎಂನಲ್ಲಿ 800 ಮೆಗಾಹರ್ಟ್ಸ್ ಬಳಿ ಮಾತನಾಡುತ್ತಿದ್ದುದರಿಂದ, ರಿಯಲಿಸ್ಟಿಕ್ ಪ್ರೊ-2004ರಂಥ ಸೆಟ್ಟುಗಳಲ್ಲಿ ಆ ಪಟ್ಟಿಯನ್ನು ಮುಚ್ಚಿ ಮಾರಲಾಗುತ್ತಿತ್ತು. ಒಳಗಿನ ಒಂದು ಡಯೋಡ್ ಕತ್ತರಿಸಿದರೆ ಪಟ್ಟಿ ತೆರೆದುಕೊಳ್ಳುತ್ತಿತ್ತು. 1994ರಿಂದ ಅಂಥ ಸೆಟ್ಟುಗಳ ತಯಾರಿಕೆಯನ್ನೂ ಆಮದನ್ನೂ ಅಲ್ಲಿನ ಕಾನೂನು ನಿಲ್ಲಿಸಿತು. ನಮ್ಮ ದೇಶದಲ್ಲಿ ಮೊಬೈಲ್ ಸೇವೆ 1995ರ ಜುಲೈ 31ರಂದು ಆರಂಭವಾದದ್ದೇ ಡಿಜಿಟಲ್ ಜಿಎಸ್‌ಎಂನಿಂದ. ಆ ಡಯೋಡ್ ಕತ್ತರಿಸುವುದಕ್ಕೆ ಇಲ್ಲಿ ಎಂದೂ ಅರ್ಥವಿರಲಿಲ್ಲ, ಈಗ ಅಮೆರಿಕದಲ್ಲೂ ಇಲ್ಲ.

ಎರಡನೆಯ ಪ್ರಸಿದ್ಧ ಮಾರ್ಪಾಡು ಡಿಸ್ಕ್ರಿಮಿನೇಟರ್ ಟ್ಯಾಪ್. ಎಫ್‌ಎಂ ಬಿಡಿಸುವ ಚಿಪ್ಪಿನ ಹೊರಗಿಂಡಿಯಿಂದ, ಎಂಸಿ3361ರಂಥ ಚಿಪ್ಪಿನಲ್ಲಿ 9ನೆಯ ಪಿನ್ನಿನಿಂದ, ಒಂದು ರೆಸಿಸ್ಟರ್ ಮತ್ತು ಕೆಪಾಸಿಟರ್ ಮೂಲಕ ಶೋಧಿಸದ ಧ್ವನಿಯನ್ನು ಹೊರಗಿನ ಜಾಕ್‌ಗೆ ತಂದರೆ, ಸ್ಪೀಕರಿನ ಹಾದಿಯಲ್ಲಿ ಕೆಟ್ಟುಹೋಗುವ ದತ್ತಾಂಶ ಸಂಕೇತವನ್ನು ಕಂಪ್ಯೂಟರಿನಲ್ಲಿ ಓದಬಹುದು. ಬೆಸುಗೆಯ ಅಭ್ಯಾಸಕ್ಕಾಗಿ ಮಾಡುವುದಾದರೆ ಸಂತೋಷದ ಕೆಲಸವೇ. ಎಐಎಸ್ ಓದಬೇಕೆಂಬುದಷ್ಟೇ ಉದ್ದೇಶವಾದರೆ ಡಾಂಗಲ್ ಅದನ್ನು ಕಬ್ಬಿಣ ಬಿಸಿಮಾಡದೆಯೇ ಮಾಡುತ್ತದೆ.

ಹಳೆಯ ಸೆಟ್ಟಿನಲ್ಲಿ ನಿಜಕ್ಕೂ ಮಾಡಬೇಕಾದದ್ದು ಇಷ್ಟೇ: ಸೋರಿದ ಬ್ಯಾಟರಿಯನ್ನು ತೆಗೆದು ಸಂಪರ್ಕಗಳ ಹಸಿರು ಕಿಲುಬನ್ನು ಒರೆಸುವುದು, ಗಟ್ಟಿಯಾದ ವಾಲ್ಯೂಮ್ ಮತ್ತು ಸ್ಕ್ವೆಲ್ಚ್ (ಮಾತಿಲ್ಲದಾಗ ಸದ್ದನ್ನು ಮುಚ್ಚುವ) ತಿರುಪುಗಳಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯುವುದು, ಬಿಎನ್‌ಸಿ ಕನೆಕ್ಟರ್ ಸಡಿಲವಾಗಿದ್ದರೆ ಮತ್ತೆ ಬೆಸೆಯುವುದು. ಕರಾವಳಿಯ ಉಪ್ಪುಗಾಳಿಯಲ್ಲಿ ವರ್ಷಗಟ್ಟಲೆ ಇದ್ದ ಸೆಟ್ಟಿಗೆ ಈ ಮೂರೇ ಹೊಸ ಜೀವ ಕೊಡುತ್ತವೆ. ವಿಮಾನದ ಎಎಂ ಪಟ್ಟಿಯಿರುವ ಹಳೆಯ ಸೆಟ್ಟು ಪುಕ್ಕಟೆ ಸಿಕ್ಕಿದ್ದರೆ ಇಟ್ಟುಕೊಳ್ಳಿ; ಹಣ ಕೊಟ್ಟು ಕೊಳ್ಳುವುದಾದರೆ ಅರ್ಧ ಬೆಲೆಗೂ ಬೇಡ.

ಪೆಟ್ಟಿಗೆಯ ಹೊರಗಿನ ಮಾರ್ಪಾಡು

ಯಾವ ಸೆಟ್ಟನ್ನೇ ಆರಿಸಿದರೂ ಫಲ ಕೊಡುವ ಮಾರ್ಪಾಡು ಆಂಟೆನಾ ಮತ್ತು ಕೇಬಲಿನದು. ಕಾಲು ತರಂಗದ ಆಂಟೆನಾ ಕಡ್ಡಿಯ ಉದ್ದ ವಿಮಾನದ ಪಟ್ಟಿಯ ನಡುವಿಗೆ ಸುಮಾರು 56 ಸೆಂಟಿಮೀಟರ್, ಹ್ಯಾಮ್‌ನ 145ಕ್ಕೆ 49, ಹಡಗಿನ 16ನೆಯ ಚಾನೆಲಿಗೆ 45ರಿಂದ 46, ಎಡಿಎಸ್-ಬಿಗೆ ಆರೂವರೆ. ಒಂದು ಪಿವಿಸಿ ಕೊಳವೆಯ ತುದಿಯಲ್ಲಿ ಒಂದು ನೆಟ್ಟಗಿನ ಕಡ್ಡಿ, ಕೆಳಗೆ ಇಳಿಜಾರಾಗಿ ಅಷ್ಟೇ ಉದ್ದದ ನಾಲ್ಕು ಕಡ್ಡಿ ಇಟ್ಟರೆ ಗ್ರೌಂಡ್‌ಪ್ಲೇನ್ ಆಂಟೆನಾ ಸಿದ್ಧ. ವಿಮಾನಕ್ಕೂ ಹಡಗಿಗೂ ಒಂದೇ ಸಾಕೆನ್ನುವವರು 51ರ ಆಸುಪಾಸಿನಲ್ಲಿ ಕತ್ತರಿಸಿ ಎರಡರಲ್ಲೂ ಸ್ವಲ್ಪ ನಷ್ಟವನ್ನು ಒಪ್ಪಿಕೊಳ್ಳಬಹುದು.

ಕೇಬಲಿನಲ್ಲಿ ಉಳಿತಾಯ ಮಾಡಹೋಗಿ ಕಳೆದುಕೊಳ್ಳುವವರೇ ಹೆಚ್ಚು. ಸಣ್ಣ ಆರ್‌ಜಿ-58 ಕೇಬಲ್ ಹತ್ತು ಮೀಟರಿಗೆ 150 ಮೆಗಾಹರ್ಟ್ಸ್‌ನಲ್ಲಿ ಸುಮಾರು 2 ಡೆಸಿಬೆಲ್ ನುಂಗಿದರೆ 1090ರಲ್ಲಿ ಐದಕ್ಕೂ ಹೆಚ್ಚು ನುಂಗುತ್ತದೆ. ಡಿಶ್ ಟಿವಿಗೆ ಎಳೆಯುವ ಆರ್‌ಜಿ-6 ಕೇಬಲ್ 75 ಓಮಿನದಾದರೂ ಕೇಳುವ ಕೆಲಸಕ್ಕೆ ತೊಂದರೆಯಿಲ್ಲ, ಅಗ್ಗ, ನಷ್ಟವೂ ಕಡಿಮೆ. ನಮ್ಮೂರಿನ ಎಲ್ಲ ಎಲೆಕ್ಟ್ರಿಕಲ್ ಅಂಗಡಿಗಳಲ್ಲೂ ಸಿಗುತ್ತದೆ. ಎಡಿಎಸ್-ಬಿ ಮಾತ್ರ ಬೇಕಾದವರು ಡಾಂಗಲ್ ಮತ್ತು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರನ್ನೇ ಅಟ್ಟದಲ್ಲಿಟ್ಟು ಕೇಬಲನ್ನು ಮೊಳದುದ್ದಕ್ಕೆ ಇಳಿಸುವುದು ಉತ್ತಮ. ಹಂಚಿನ ಮನೆಯವರಿಗೆ ಇಲ್ಲೊಂದು ಅನುಕೂಲವಿದೆ. ಒಣ ಹಂಚು ತರಂಗಗಳನ್ನು ಹೆಚ್ಚು ತಡೆಯದ ಕಾರಣ ಆಂಟೆನಾವನ್ನು ಅಟ್ಟದೊಳಗೇ ಕಟ್ಟಿ ಮಳೆಯಿಂದಲೂ ಉಪ್ಪಿನಿಂದಲೂ ಪಾರಾಗಬಹುದು. ತಗಡಿನ ಮಾಡಿನ ಕೆಳಗೆ ಈ ಉಪಾಯ ನಡೆಯದು.

ಹೊರಗೆ ಕಟ್ಟುವುದಾದರೆ ಕನೆಕ್ಟರಿಗೆ ರಬ್ಬರಿನ ಟೇಪು ಬಿಗಿಯಾಗಿ ಸುತ್ತಿ, ಕೇಬಲ್ ಮನೆಯೊಳಗೆ ಹೊಗುವ ಮೊದಲು ಕೆಳಗಿಳಿದು ಮೇಲೇರುವಂತೆ ಒಂದು ಬಾಗು ಬಿಡಿ, ನೀರು ಅಲ್ಲೇ ತೊಟ್ಟಿಕ್ಕಲಿ. ಏಪ್ರಿಲ್, ಮೇ ತಿಂಗಳ ಮತ್ತು ಅಕ್ಟೋಬರಿನ ಸಿಡಿಲಿನ ಸಂಜೆಗಳಲ್ಲಿ ಕೇಬಲನ್ನು ಸೆಟ್ಟಿನಿಂದ ಕಳಚಿಡಬೇಕು, ಆಂಟೆನಾ ಕಂಬಕ್ಕೆ ಅರ್ತಿಂಗ್ ಇರಬೇಕು. ಎಲ್‌ಇಡಿ ಬಲ್ಬು, ಇನ್ವರ್ಟರ್, ಲ್ಯಾಪ್‌ಟಾಪಿನ ಚಾರ್ಜರ್ ಇವುಗಳ ಗಲಾಟೆಯೂ ಸಂಕೇತವನ್ನು ಕೆಡಿಸುತ್ತದೆ. ಒಂದೊಂದಾಗಿ ಆರಿಸಿ ನೋಡಿದರೆ ಅಪರಾಧಿ ಯಾರೆಂದು ತಿಳಿಯುತ್ತದೆ.

ಯಾರಿಗೆ ಯಾವುದು

ಲ್ಯಾಪ್‌ಟಾಪ್ ಇದ್ದು, ಖರ್ಚು ಐದಾರು ಸಾವಿರದೊಳಗೆ ಮುಗಿಯಬೇಕೆನ್ನುವವರು ಒಳ್ಳೆಯ ಡಾಂಗಲ್ ಮತ್ತು ಕೈಯಾರೆ ಮಾಡಿದ ಗ್ರೌಂಡ್‌ಪ್ಲೇನ್ ಆಂಟೆನಾ ಆರಿಸಲಿ. ನಗರದ ನಡುವಿನವರು ಫಿಲ್ಟರ್ ಸೇರಿಸಲಿ. ಹತ್ತು ಸಾವಿರದ ಮೇಲೆ ಕೈಬಿಚ್ಚಬಲ್ಲವರಲ್ಲಿ, ಹಡಗು ಮತ್ತು ವಿಮಾನಗಳ ನಕ್ಷೆ ಹಗಲಿರುಳು ಪರದೆಯ ಮೇಲಿರಬೇಕೆನ್ನುವವರು ಎರಡು ಡಾಂಗಲ್ ಮತ್ತು ಒಂದು ರಾಸ್ಪ್‌ಬೆರಿ ಪೈ ಕೊಳ್ಳುವುದು ಸರಿ. ಮಾತು ಕೇಳುವುದಷ್ಟೇ ಸಾಕು, ಗೋಜು ಬೇಡ ಎನ್ನುವವರು ಬಿಸಿ125ಎಟಿ ತರಿಸಿಕೊಳ್ಳುವುದು ಸರಿ. ಶಾರ್ಟ್‌ವೇವ್ ಪ್ರಿಯರಿಗೆ, ತೆಂಗಿನ ಮರಗಳ ನಡುವೆ ಹತ್ತಿಪ್ಪತ್ತು ಮೀಟರ್ ತಂತಿ ಎಳೆಯುವ ಜಾಗವಿದ್ದರೆ ಆರ್‌ಎಸ್‌ಪಿ1ಬಿ. ಫ್ಲಾಟಿನಲ್ಲಿರುವವರಿಗೆ ಅದರ ಪೂರ್ಣ ಲಾಭ ಸಿಗುವುದು ಕಷ್ಟ. ಯುವಿ-ಕೆ5 ಪರವಾನಗಿದಾರರಿಗೆ ಮಾತ್ರ.

ಪ್ರೋಗ್ರಾಮಿಂಗ್

ಸೆಟ್ಟು ಬಂದ ಮೇಲೆ ಐನೂರು ಚಾನೆಲನ್ನೂ ತುಂಬುವ ಹುಮ್ಮಸ್ಸು ಸಹಜವಾದರೂ, ಸ್ಕ್ಯಾನರ್ ಸುತ್ತಬೇಕಾದ ಪಟ್ಟಿ ಉದ್ದವಾದಷ್ಟೂ ಮಾತು ತಪ್ಪಿಹೋಗುವ ಸಂಭವ ಹೆಚ್ಚುತ್ತದೆ. ವಿಮಾನಕ್ಕೊಂದು, ಬಂದರಿಗೊಂದು, ಮೀನುಗಾರಿಕೆಯ ಬೋಟುಗಳಿಗೊಂದು, ಹ್ಯಾಮ್ ಮತ್ತು ಬಾಹ್ಯಾಕಾಶಕ್ಕೊಂದು ಎಂದು ನಾಲ್ಕು ಬ್ಯಾಂಕು ಮಾಡಿ, ಒಂದೊಂದರಲ್ಲಿ ಹತ್ತು ಹನ್ನೆರಡಕ್ಕಿಂತ ಹೆಚ್ಚು ಇಡದಿರುವುದು ಒಳಿತು. ವಿಮಾನದ ಬ್ಯಾಂಕಿಗೆ ಎಎಂ ಎಂದು ನಮೂದಿಸಲು ಮರೆತರೆ ಮಾತು ಸ್ಪಷ್ಟವಾಗಿ ಕೇಳುವುದಿಲ್ಲ. ಹಡಗಿನ ಕೆಲವು ಚಾನೆಲ್‌ಗಳಲ್ಲಿ ಹಡಗು ಒಂದು ಕಂಪನಾಂಕದಲ್ಲಿ, ದಡ ಅದಕ್ಕಿಂತ 4.6 ಮೆಗಾಹರ್ಟ್ಸ್ ಮೇಲೆ ಮಾತನಾಡುತ್ತವೆ; ಉದಾಹರಣೆಗೆ 26ನೆಯ ಚಾನೆಲಿಗೆ 157.300 ಮತ್ತು 161.900 ಎರಡನ್ನೂ ತುಂಬಬೇಕು. 70ನೆಯ ಚಾನೆಲ್, ಅಂದರೆ 156.525, ಡಿಜಿಟಲ್ ಕರೆಗೆ ಮೀಸಲಾದ್ದರಿಂದ ಅದನ್ನು ಬಿಡಿ, ಇಲ್ಲದಿದ್ದರೆ ಸೆಟ್ಟು ಗೊರಗೊರ ಸದ್ದಿನ ಮೇಲೆ ನಿಂತುಬಿಡುತ್ತದೆ. ಬಾಹ್ಯಾಕಾಶ ನಿಲ್ದಾಣದ 145.800ಕ್ಕೆ ಒಂದೇ ಚಾನೆಲ್ ಸಾಕು, ಆದರೆ ಅದರ 437.800ರ ರಿಪೀಟರಿಗೆ (ಬಂದ ಮಾತನ್ನು ಮತ್ತೆ ಪ್ರಸಾರ ಮಾಡುವ ಸಾಧನಕ್ಕೆ) ನಿಲ್ದಾಣದ ವೇಗದಿಂದಾಗಿ ಕಂಪನಾಂಕ ಹತ್ತು ಕಿಲೋಹರ್ಟ್ಸ್‌ನಷ್ಟು ಸರಿಯುತ್ತದೆ. 437.810ರಿಂದ ಐದೈದು ಕಿಲೋಹರ್ಟ್ಸ್ ಇಳಿಸುತ್ತ 437.790ರವರೆಗೆ ಐದು ಚಾನೆಲ್ ತುಂಬಿ, ನಿಲ್ದಾಣ ಹತ್ತಿರ ಬಂದು ದೂರ ಹೋದಂತೆ ಒಂದೊಂದೇ ಕೆಳಗಿಳಿಯಬೇಕು.

ವಾಕಿಟಾಕಿಯನ್ನು ಚಿರ್ಪ್ ತಂತ್ರಾಂಶದಿಂದ ಪ್ರೋಗ್ರಾಮ್ ಮಾಡುವ ಪರವಾನಗಿದಾರರು ಮೊದಲು ಸೆಟ್ಟಿನಲ್ಲಿರುವುದನ್ನು ಇಳಿಸಿಕೊಂಡು ಹಾಗೆಯೇ ಉಳಿಸಿ, ಅದರ ಪ್ರತಿಯನ್ನಷ್ಟೇ ತಿದ್ದಲಿ. ಅಮೆಚೂರ್ ಪಟ್ಟಿಯ ಹೊರಗಿನ ಎಲ್ಲ ಚಾನೆಲಿಗೂ ಡ್ಯೂಪ್ಲೆಕ್ಸ್ ಕಾಲಮಿನಲ್ಲಿ ಆಫ್ ಎಂದು ತುಂಬಿದರೆ, ಆ ಚಾನೆಲಿನಲ್ಲಿ ಪಿಟಿಟಿ ಒತ್ತಿದರೂ ಸೆಟ್ಟು ಪ್ರಸಾರ ಮಾಡುವುದಿಲ್ಲ. ಕೇಬಲ್ ಕೊಳ್ಳುವಾಗ ಎಫ್‌ಟಿಡಿಐ ಅಥವಾ ಸಿಎಚ್340 ಚಿಪ್ಪಿನದನ್ನು ಕೇಳಿ. ನಕಲಿ ಪ್ರೊಲಿಫಿಕ್ ಚಿಪ್ಪಿನ ಕೇಬಲ್ ವಿಂಡೋಸ್‌ನಲ್ಲಿ ಡ್ರೈವರಿನ ಜಗಳ ತೆಗೆಯುತ್ತದೆ. ಸೆಟ್ಟು ಪ್ರತಿಕ್ರಿಯಿಸುತ್ತಿಲ್ಲವೆಂದು ಕಂಡರೆ ಕೇಬಲಿನ ಎರಡು ಪಿನ್ನಿನ ತಲೆ ಪೂರ್ತಿ ಒಳಗೆ ಕುಳಿತಿಲ್ಲದಿರುವುದೇ ಬಹುತೇಕ ಕಾರಣ.

ಬೋಟುಗಳ ಬ್ಯಾಂಕನ್ನು ಬೇರೆಯಾಗಿಡಲು ಹೇಳಿದ್ದಕ್ಕೆ ಕಾರಣವಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ 61 ದಿನ ಬೋಟುಗಳು ಮಲ್ಪೆಯಲ್ಲೂ ಮಂಗಳೂರಿನ ದಕ್ಕೆಯಲ್ಲೂ ಕಟ್ಟಿಹಾಕಿಕೊಂಡಿರುತ್ತವೆ. ಆಗ ಆ ಬ್ಯಾಂಕನ್ನು ಮುಚ್ಚಿಟ್ಟರೆ ಸ್ಕ್ಯಾನರಿನ ಸುತ್ತು ಚಿಕ್ಕದಾಗಿ ಬಂದರಿನ ಮತ್ತು ವಿಮಾನದ ಮಾತು ಹೆಚ್ಚು ಸಿಗುತ್ತದೆ. ಆ ಎರಡು ತಿಂಗಳಲ್ಲಿ ಸೆಟ್ಟು ಕೊಂಡವರು ಕಡಲ ಕಡೆಯಿಂದ ಏನೂ ಕೇಳುತ್ತಿಲ್ಲವೆಂದು ಆಂಟೆನಾವನ್ನು ಬಿಚ್ಚಿ ಕಟ್ಟುವ ಮೊದಲು ಆಗಸ್ಟ್ ಬರುವುದನ್ನು ಕಾಯಬೇಕು.